ಎಕ್ಸೆಲ್ ದಿನಾಂಕವನ್ನು ಓದುವ ಬಗೆ

03/04/2024. ಬೆಂಗಳೂರಿನಲ್ಲಿ ಬರೆದವರಿಗೆ ಇದು ಏಪ್ರಿಲ್ ಮೂರು, ಷಿಕಾಗೋದಲ್ಲಿ ಓದುವವರಿಗೆ ಮಾರ್ಚ್ ನಾಲ್ಕು. ಅನುಮಾನ ಬಂದರೆ ಮನುಷ್ಯರು ಕೇಳಿ ತಿಳಿದುಕೊಳ್ಳುತ್ತಾರೆ. ಎಕ್ಸೆಲ್ ಕೇಳುವುದಿಲ್ಲ, ತಾನೇ ತೀರ್ಮಾನಿಸಿಬಿಡುತ್ತದೆ.

ಎಕ್ಸೆಲ್‌ನ ಹೊಟ್ಟೆಯೊಳಗೆ ದಿನಾಂಕವೆಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಅದು ದಿನಗಳನ್ನು ಎಣಿಸುತ್ತದೆ. ಆ ಲೆಕ್ಕದಲ್ಲಿ 2024ರ ಏಪ್ರಿಲ್ ಮೂರು 45385, ಮಾರ್ಚ್ ನಾಲ್ಕು 45355. ಸಿಎಸ್‌ವಿ ಫೈಲಿನಲ್ಲಾದರೋ ಇರುವುದು ಅಕ್ಷರಗಳು ಮಾತ್ರ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದ ಕೂಡಲೇ ಎಕ್ಸೆಲ್ ಆ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ನೋಡುತ್ತದೆ. ಅಲ್ಲಿ ಅಮೆರಿಕ ಎಂದಿದ್ದರೆ ಮೊದಲ ಅಂಕಿಯೇ ತಿಂಗಳು.

25/04/2024 ಬಂದಾಗ ಮಾತ್ರ ಅದು ತಡವರಿಸುತ್ತದೆ. ಇಪ್ಪತ್ತೈದನೇ ತಿಂಗಳಿಲ್ಲವಲ್ಲ! ಹಾಗಾಗಿ ಅದನ್ನು ಅಕ್ಷರವಾಗಿಯೇ ಉಳಿಸಿ, ಸೆಲ್‌ನ ಎಡಕ್ಕೆ ನಿಲ್ಲಿಸುತ್ತದೆ. ಸಂಖ್ಯೆಯಾದ ದಿನಾಂಕಗಳು ಬಲಕ್ಕೆ ನಿಲ್ಲುತ್ತವೆ. ಎಡಕ್ಕೆ ನಿಂತದ್ದು ಕಣ್ಣಿಗೆ ಬೀಳುತ್ತದೆ. ನಿಜವಾದ ಅಪಾಯವಿರುವುದು ಬಲಕ್ಕೆ ನಿಂತವುಗಳಲ್ಲಿ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ, ಅಂದರೆ ವರ್ಷಕ್ಕೆ 144 ದಿನ, ಎರಡು ರೀತಿಯಲ್ಲೂ ಓದಿಸಿಕೊಳ್ಳುತ್ತವೆ. ಅವುಗಳಲ್ಲಿ 1/1, 2/2ರಂಥ ಹನ್ನೆರಡನ್ನು ಬಿಡಿ. ಉಳಿದ 132 ದಿನ ಸದ್ದಿಲ್ಲದೆ ಅದಲುಬದಲಾಗುತ್ತವೆ. ವರ್ಷದ ಮೂರನೇ ಒಂದು ಭಾಗಕ್ಕೂ ಹೆಚ್ಚು! ಮಗುವಿನ ವಯಸ್ಸು, ಲಸಿಕೆಯ ಅಂತರ, ಸಾಲದ ಬಡ್ಡಿ ಎಲ್ಲವೂ ಆ ತಪ್ಪು ಸಂಖ್ಯೆಯಿಂದಲೇ ಲೆಕ್ಕವಾಗುತ್ತವೆ.

ಆ ಫೈಲನ್ನು ಎಕ್ಸೆಲ್ ರೂಪದಲ್ಲಿ ಸೇವ್ ಮಾಡಿ ಭಾರತಕ್ಕೆ ಕಳಿಸಿದರೆಂದುಕೊಳ್ಳಿ. ಇಲ್ಲಿನ ಕಂಪ್ಯೂಟರು 45355ನ್ನು ನಮ್ಮ ಪದ್ಧತಿಯಂತೆ 04-03-2024 ಎಂದು ತೋರಿಸುತ್ತದೆ. ಏಪ್ರಿಲ್ ಮೂರರ ಸುಳಿವೇ ಉಳಿದಿರುವುದಿಲ್ಲ.

ಆದ್ದರಿಂದ ಡಬಲ್ ಕ್ಲಿಕ್ ಬೇಡ. ಡೇಟಾ ಟ್ಯಾಬ್‌ನಲ್ಲಿ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ‘ಟ್ರಾನ್ಸ್‌ಫಾರ್ಮ್ ಡೇಟಾ’ಗೆ ಹೋಗಿ. ಬಲಗಡೆ ತಾನಾಗಿ ಸೇರಿಕೊಂಡಿರುವ ‘ಚೇಂಜ್ಡ್ ಟೈಪ್’ ಹಂತವನ್ನು ಮೊದಲು ಅಳಿಸಿ. ಆಮೇಲೆ ದಿನಾಂಕದ ಕಾಲಂ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಟೈಪ್’ನಲ್ಲಿ ‘ಯೂಸಿಂಗ್ ಲೊಕೇಲ್’ ಆರಿಸಿ, ದಿನಾಂಕ ಎಂದೂ ಇಂಗ್ಲಿಷ್ (ಇಂಡಿಯಾ) ಎಂದೂ ತಿಳಿಸಿ. ಬರೆಯುವಾಗಲೇ 2024-04-03 ಎಂದು ವರ್ಷವನ್ನು ಮುಂದಿಟ್ಟರೆ ಇನ್ನೂ ಒಳ್ಳೆಯದು. 1988ರಲ್ಲಿ ಬಂದ ಐಎಸ್ಒ 8601 ಮಾನದಂಡ ಹೇಳುವುದೂ ಇದನ್ನೇ. ಸೆಟ್ಟಿಂಗ್ ಭಾರತದ್ದಿರಲಿ, ಅಮೆರಿಕದ್ದಿರಲಿ, ಎಕ್ಸೆಲ್ ಇದನ್ನು ಏಪ್ರಿಲ್ ಮೂರು ಎಂದೇ ಓದುತ್ತದೆ.

ಎಡಕ್ಕೆ ನಿಂತ ದಿನಾಂಕಗಳನ್ನಷ್ಟೇ ಕೈಯಿಂದ ತಿದ್ದಿ ಕೆಲಸ ಮುಗಿಯಿತೆನ್ನುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಅಂಥದ್ದು ಒಂದೇ ಒಂದು ಕಂಡರೂ ಮೂಲ ಫೈಲಿಗೆ ಮರಳಿ, ಇಡೀ ಕಾಲಂ ಅನ್ನು ಮೊದಲಿನಿಂದ ತಂದುಕೊಳ್ಳಿ.