ಸೇತುವೆಯು ವಿಳಾಸಗಳನ್ನು ಕಲಿಯುವ ಬಗೆ

ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ನೋಡಬಂದ ತಂದೆತಾಯಿಗಳು, ತಂತಿಗಳೆಲ್ಲ ಬಂದು ಸೇರುವ ಚಿಕ್ಕ ಪೆಟ್ಟಿಗೆಯನ್ನು ತೋರಿಸಿ, "ಯಾವ ಯಂತ್ರವು ಎಲ್ಲಿದೆಯೆಂದು ಇದಕ್ಕೆ ಹೇಳಿಕೊಟ್ಟವರಾರು?" ಎಂದು ಕೇಳುವುದುಂಟು. ಯಾರೂ ಹೇಳಿಕೊಟ್ಟಿಲ್ಲ, ಅದು ತಾನಾಗಿಯೇ ಕಲಿಯುವುದು. ಆ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

ಇಂಥ ಪೆಟ್ಟಿಗೆಗೆ ಮೊದಲು ಬ್ರಿಡ್ಜ್, ಅಂದರೆ ಸೇತುವೆ, ಎಂದು ಹೆಸರಿತ್ತು. ಈಗಿನ ಸ್ವಿಚ್ ಎಂಬುದು ಅನೇಕ ಬಾಗಿಲುಗಳುಳ್ಳ ಸೇತುವೆಯೇ. ಪ್ರತಿಯೊಂದು ಯಂತ್ರಕ್ಕೂ 48 ಬಿಟ್‌ಗಳ ಒಂದು ವಿಳಾಸವುಂಟು. ಅದು ಕಳುಹಿಸುವ ಸಂದೇಶದ ಮೇಲೆ, ಅಂಚೆಯ ಲಕೋಟೆಯ ಮೇಲಿರುವಂತೆ, ಪಡೆಯತಕ್ಕವರ ವಿಳಾಸವೂ ಕಳುಹಿಸಿದವರ ವಿಳಾಸವೂ ಇರುತ್ತವೆ. ಸಂದೇಶವು ಬಂದೊಡನೆ ಸೇತುವೆಯು ಕಳುಹಿಸಿದವರ ವಿಳಾಸವನ್ನು ಓದಿ, ಅವರು ಯಾವ ಬಾಗಿಲಿನ ಕಡೆಯವರೆಂಬುದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುವುದು. ಬಳಿಕ ಪಡೆಯತಕ್ಕವರನ್ನು ಹುಡುಕುವುದು. ಅವರು ಪಟ್ಟಿಯಲ್ಲಿದ್ದರೆ ಆ ಒಂದೇ ಬಾಗಿಲಿನಿಂದ ಸಂದೇಶವನ್ನು ಸಾಗಿಸುವುದು. ಇಬ್ಬರೂ ಒಂದೇ ಬಾಗಿಲಿನ ಕಡೆಯವರಾದರೆ ದಾಟಿಸುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲವಾದರೆ, ಬಂದ ಬಾಗಿಲನ್ನು ಬಿಟ್ಟು ಮಿಕ್ಕ ಎಲ್ಲಾ ಬಾಗಿಲುಗಳಿಂದಲೂ ಕಳುಹಿಸುವುದು. ಉತ್ತರವು ಬಂದಾಗ ಆ ಅಪರಿಚಿತರ ನೆಲೆಯೂ ತಿಳಿಯುವುದು.

ಕಲಿತದ್ದನ್ನು ಮರೆಯುವುದೂ ಅವಶ್ಯ. ಯಲಹಂಕದಿಂದ ಹೆಬ್ಬಾಳಕ್ಕೆ ಮನೆ ಬದಲಾಯಿಸಿದವಳಿಗೆ ಹಳೆಯ ವಿಳಾಸಕ್ಕೆ ಬರೆದ ಕಾಗದವು ಮುಟ್ಟೀತೆ? ಆದುದರಿಂದ ಸಾಮಾನ್ಯವಾಗಿ 300 ಸೆಕೆಂಡುಗಳವರೆಗೆ ಏನನ್ನೂ ಕಳುಹಿಸದ ಯಂತ್ರವನ್ನು ಸೇತುವೆಯು ಪಟ್ಟಿಯಿಂದ ತೆಗೆದುಹಾಕುವುದು.

ಕಳೆದ ವರುಷ ನಮ್ಮ ಹುಡುಗಿಯೊಬ್ಬಳು ಒಂದೇ ತಂತಿಯ ಎರಡು ತುದಿಗಳನ್ನೂ ಅರಿಯದೆ ಆ ಪೆಟ್ಟಿಗೆಗೇ ಸಿಕ್ಕಿಸಿದಳು. ಎಲ್ಲರಿಗೂ ಕಳುಹಿಸಿದ ಸಂದೇಶವು ತಿರುಗಿ ತಿರುಗಿ ಒಳಗೇ ಬಂದು, ಪಟ್ಟಿಯು ಗಲಿಬಿಲಿಗೊಂಡು, ಕೊಠಡಿಯ ಕೆಲಸವೆಲ್ಲಾ ನಿಂತುಹೋಯಿತು. ಹುಡುಗಿಯು ಅತ್ತಳು; ಇನ್ನು ಯಂತ್ರಗಳನ್ನು ಮುಟ್ಟುವುದಿಲ್ಲವೆಂದಳು. ಅವಳಿಗೆ ನಾನು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿಯ ವಿಷಯವನ್ನು ಹೇಳಿದೆನು. ಈ ಸುತ್ತುವಿಕೆಗೆ ಪರಿಹಾರವನ್ನು 1985ರಲ್ಲಿ ಪ್ರಕಟಿಸಿದವರು ಆಕೆಯೇ. ಸೇತುವೆಗಳು ತಮ್ಮೊಳಗೆ ವಿಚಾರಿಸಿಕೊಂಡು, ಹೆಚ್ಚಿನ ದಾರಿಗಳನ್ನು ಮುಚ್ಚಿ, ಮರದ ಕೊಂಬೆಗಳಂತೆ ಎಲ್ಲಿಂದ ಎಲ್ಲಿಗಾದರೂ ಒಂದೇ ದಾರಿಯನ್ನು ಉಳಿಸಿಕೊಳ್ಳುತ್ತವೆ. ಅದು ಕಡಿದರೆ ಮುಚ್ಚಿದ್ದನ್ನು ತೆರೆಯುತ್ತವೆ. ನಮ್ಮ ಅಗ್ಗದ ಪೆಟ್ಟಿಗೆಯಲ್ಲಿ ಈ ಉಪಾಯವಿರಲಿಲ್ಲ. ಆ ಹುಡುಗಿಯೇ ಈಗ ತಂತಿಗಳಿಗೆ ಗುರುತು ಕಟ್ಟುವ ಕೆಲಸವನ್ನು ವಹಿಸಿಕೊಂಡಿರುವಳು.

ಈ ವಿದ್ಯೆಯು ಹೆಣ್ಣುಮಕ್ಕಳಿಗೆ ದೂರದ್ದೆಂದು ತಂದೆತಾಯಿಗಳು ಎಣಿಸಬಾರದು. ದೇಶದ ಶಿಕ್ಷಣಸಂಸ್ಥೆಗಳ ಕಂಪ್ಯೂಟರುಗಳನ್ನು ಕೂಡಿಸಲು 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ, ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು.

ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ: ನಾವು 300 ಸೆಕೆಂಡುಗಳಲ್ಲಿ ನಿಮ್ಮನ್ನು ಮರೆಯುವವರಲ್ಲ, ಆದರೂ ನೀವು ಬರೆದರಲ್ಲವೆ ನೀವಿರುವ ಬಾಗಿಲು ನಮಗೆ ತಿಳಿಯುವುದು!