ಬೇರು ಕಿತ್ತ ನಾಯಿ ಎಲ್ಲಿ ಹೋಯಿತು?

ಹ್ಯಾರಿ ಪಾಟರ್ ಸರಣಿಯ ಎರಡನೇ ಪುಸ್ತಕ ಬಂದದ್ದು 1998ರಲ್ಲಿ. ಅದನ್ನು ಓದಿದ ಮಕ್ಕಳ ಪಾಲಿಗೆ ಮ್ಯಾಂಡ್ರೇಕ್ ಎಂದರೆ ಕುಂಡದಲ್ಲಿ ಕೂತ, ರಚ್ಚೆ ಹಿಡಿದ ಕೂಸು. ಎಲೆ ಹಿಡಿದು ಎಳೆದರೆ ಮಣ್ಣು ಮೆತ್ತಿಕೊಂಡ ಮಗು ಕಿರುಚುತ್ತಾ ಹೊರಬರುತ್ತದೆ. ಬಲಿತ ಗಿಡದ ಕೂಗು ಕೇಳಿದವರು ಬದುಕುವುದಿಲ್ಲ, ಅದಕ್ಕೇ ತರಗತಿಯಲ್ಲಿ ಎಲ್ಲರಿಗೂ ಕಿವಿಮುಚ್ಚಳ. ಇದನ್ನೆಲ್ಲ ಜೆ.ಕೆ. ರೌಲಿಂಗ್ ಕಲ್ಪಿಸಿದರೆಂದು ಅನ್ನಿಸುವುದು ಸಹಜ. ಆದರೆ ಗಿಡ ನಿಜ, ಕೂಗಿನ ಕಥೆಯೂ ಹಳೆಯದು. ರೌಲಿಂಗ್ ಸೇರಿಸಿದ್ದು ಕಿವಿಮುಚ್ಚಳ, ಕೈಬಿಟ್ಟದ್ದು ಒಂದು ನಾಯಿ.

ಮೊದಲನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಒಂದು ಅಪಾಯಕಾರಿ ಬೇರಿನ ಬಗ್ಗೆ ಬರೆದಿದ್ದಾನೆ. ಸುತ್ತ ಮಣ್ಣು ಬಗೆದು, ಬೇರಿಗೆ ನಾಯಿಯನ್ನು ಕಟ್ಟಬೇಕು. ಕಟ್ಟಿದವನು ನಡೆದುಬಿಟ್ಟರೆ ನಾಯಿ ಹಿಂದೆ ಓಡಿಬರುತ್ತದೆ, ಬೇರು ಕಿತ್ತು ಬರುತ್ತದೆ, ಯಜಮಾನನ ಬದಲು ನಾಯಿ ಸಾಯುತ್ತದೆ. ಆ ಬೇರನ್ನು ಅವನು ಮ್ಯಾಂಡ್ರೇಕ್ ಎಂದು ಕರೆದಿರಲಿಲ್ಲ. ಮುಂದೆ ಎರಡೂ ಕಥೆಗಳು ಬೆರೆತವು. ಸುಮಾರು 512ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿದ್ಧವಾದ, ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್‌ನ ಸಸ್ಯಗ್ರಂಥದ ಪ್ರತಿಯೊಂದರ ಚಿತ್ರದಲ್ಲಿ ಮನುಷ್ಯರೂಪದ ಬೇರೂ ಇದೆ, ಕೆಳಗೆ ಸಾಯುತ್ತಿರುವ ನಾಯಿಯೂ ಇದೆ.

ಮ್ಯಾಂಡ್ರೇಕ್ ಮೆಡಿಟರೇನಿಯನ್ ಸೀಮೆಯ ಗಿಡ, ಬದನೆ–ಆಲೂಗಡ್ಡೆಗಳ ಕುಲಕ್ಕೆ ಸೇರಿದ್ದು. ದಪ್ಪ ಬೇರು ಎಷ್ಟೋ ಸಲ ಎರಡಾಗಿ ಕವಲೊಡೆದು ಕಾಲುಗಳಂತೆ ಕಾಣುತ್ತದೆ. ಅದರಲ್ಲಿ ಹಯೋಸಯಮಿನ್, ಸ್ಕೋಪೊಲಮಿನ್ ಎಂಬ ವಿಷಗಳಿವೆ. ಕೊಯ್ಯುವ, ಸುಡುವ ಚಿಕಿತ್ಸೆಗೆ ಮೊದಲು ಈ ಬೇರು ಬೆರೆಸಿದ ವೈನ್ ಕುಡಿಸಿ ರೋಗಿಯನ್ನು ಮಲಗಿಸುವ ಕ್ರಮವನ್ನು ಡಯಾಸ್ಕೊರಿಡಿಸ್ ದಾಖಲಿಸಿದ್ದಾನೆ. ಪ್ರಮಾಣ ಮೀರಿದರೆ ರೋಗಿ ಏಳುತ್ತಿರಲಿಲ್ಲ. ಹಾಗಾಗಿ ಕೊಲ್ಲುವ ಕೂಗಿನ ಕಥೆ ಪೂರ್ತಿ ಸುಳ್ಳೇನಲ್ಲ. ಬೇರು ಮಾರಿ ಬದುಕುವವರಿಗೆ ಇಂಥ ಕಥೆ ಒಳ್ಳೆಯ ಬೇಲಿಯೂ ಆಗಿತ್ತೆಂದು ನನ್ನ ಗುಮಾನಿ. 1597ರಲ್ಲಿ ಇಂಗ್ಲೆಂಡಿನ ಸಸ್ಯಗ್ರಂಥಕಾರ ಜಾನ್ ಜೆರಾರ್ಡ್ ಇದನ್ನೆಲ್ಲ ಅಜ್ಜಿಕಥೆ ಎಂದು ನಕ್ಕ. ತಾನೂ ತನ್ನ ಆಳುಗಳೂ ಎಷ್ಟೋ ಮ್ಯಾಂಡ್ರೇಕ್ ಅಗೆದು ನೆಟ್ಟಿದ್ದೇವೆ ಎಂದ. ಪೇಟೆಯಲ್ಲಿ ಬಿಕರಿಯಾಗುವ ಮನುಷ್ಯಾಕೃತಿಗಳು ಬ್ರಯೊನಿ ಎಂಬ ಬೇರೆ ಬಳ್ಳಿಯ ಬೇರನ್ನು ಕೆತ್ತಿದವು ಎಂದೂ ಬಯಲು ಮಾಡಿದ.

ಜನಪದ ಕಥೆಯ ಜೀವಾಳ ಆ ನಾಯಿ. ಮಾಯೆ ಪುಕ್ಕಟೆ ಸಿಗದು, ಯಾರೋ ಒಬ್ಬರು ತೆರಲೇಬೇಕು. ರೌಲಿಂಗ್ ಬೆಲೆಯನ್ನು ಅಳಿಸಿಲ್ಲ, ಗಿಡದ ತಲೆಗೇ ಕಟ್ಟಿದ್ದಾರೆ. ಹರೆಯಕ್ಕೆ ಬಂದು ಮುನಿಸಿಕೊಂಡು, ಪಾರ್ಟಿ ಮಾಡಿದ ಆ ಕುಂಡದ ಕೂಸುಗಳನ್ನೇ ಕೊನೆಗೆ ಕತ್ತರಿಸಿ ಔಷಧ ಕುದಿಸುತ್ತಾರೆ! ನಗುತ್ತಾ ಓದುವಾಗ ಇದು ತಟ್ಟುವುದೇ ಇಲ್ಲ.

ಟೋಲ್ಕಿನ್ ದಾರಿ ಬೇರೆ, ನನಗೆ ಹೆಚ್ಚು ಹಿಡಿಸುವುದೂ ಅದೇ. 1955ರ ‘ದಿ ರಿಟರ್ನ್ ಆಫ್ ದಿ ಕಿಂಗ್’ನಲ್ಲಿ ಅಥೆಲಾಸ್ ಎಂಬ ಮೂಲಿಕೆ ಜನರ ಕಣ್ಣಿಗೆ ಬರೀ ಕಳೆ. ಊರಿನ ಮೂಲಿಕೆ ಪಂಡಿತನಿಗೆ ಅದರ ಹೆಸರುಗಳೆಲ್ಲ ಬಾಯಿಪಾಠ, ಆದರೆ ಉಗ್ರಾಣದಲ್ಲಿ ಒಂದೆಲೆಯೂ ಇಲ್ಲ. ಅರಸನಾಗಲಿರುವ ಅರಾಗಾರ್ನ್ ಅದನ್ನೇ ಹಿಸುಕಿ ಬಿಸಿನೀರಿಗೆ ಹಾಕಿದಾಗ ಸಾಯುವವರು ಕಣ್ಣು ಬಿಡುತ್ತಾರೆ. ಅರಸನ ಸ್ಪರ್ಶದಿಂದ ಗಂಡಮಾಲೆ ವಾಸಿಯಾಗುತ್ತದೆಂದು ಇಂಗ್ಲೆಂಡ್ ನಂಬಿತ್ತು; 1712ರಲ್ಲಿ, ಮುಂದೆ ಹೆಸರಾಂತ ಲೇಖಕನಾದ ಪುಟ್ಟ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ರಾಣಿ ಆನ್ ಬಳಿಗೆ ಒಯ್ದದ್ದು ಇದಕ್ಕೇ. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಟೋಲ್ಕಿನ್‌ಗೆ ಹಾದಿಬದಿಯ ಗಿಡಗಳನ್ನು ಹೆಸರು ಹಿಡಿದು ಕರೆಯುವ ಹಳೆಯ ಮಂತ್ರಗಳ ಲೋಕ ಪರಿಚಿತವೇ.

ಕನ್ನಡದ ಓದುಗರಿಗೆ ಇಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಕುರುಡವ್ವನ ನೆನಪಾಗದೆ ಇರದು. ಬೈಬಲಿನಲ್ಲಿ ಬಂಜೆ ರಾಹೇಲಳು ಆಸೆಪಟ್ಟು ಪಡೆದದ್ದು ಮ್ಯಾಂಡ್ರೇಕ್ ಎಂದೇ ಹಲವು ಅನುವಾದಗಳು ಹೇಳುತ್ತವೆ. ‘ನಾಗಮಂಡಲ’ದಲ್ಲಿ ಕುರುಡವ್ವ ರಾಣಿ ಎಂಬ ಹೆಣ್ಣಿಗೆ ಕೊಡುವುದೂ ಗಂಡನನ್ನು ಒಲಿಸುವ ಬೇರೇ. ನೆತ್ತರಂತೆ ಕೆಂಪಾದ ಸಾರಿಗೆ ಹೆದರಿ ಅವಳು ಹುತ್ತಕ್ಕೆ ಸುರಿಯುತ್ತಾಳೆ, ಮೋಹಗೊಳ್ಳುವುದು ನಾಗ. ನಾಟಕದ ಒಂದು ಮುಕ್ತಾಯದಲ್ಲಿ ಜೀವ ತೆರುವುದೂ ಆ ಹಾವೇ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕವಿದು.

ಮನೆಯಲ್ಲಿ ಹ್ಯಾರಿ ಪಾಟರ್ ಓದುವ ಮಕ್ಕಳಿದ್ದರೆ ಒಂದು ಮಾತು. ಮ್ಯಾಂಡ್ರೇಕಿನ ವಿಷಗಳೇ ನಮ್ಮ ಹಾದಿಬದಿಯ ಮದಗುಣಿಕೆಯಲ್ಲೂ ಇವೆ. ಶಿವನಿಗೆ ಏರಿಸುವ ಆ ಹೂವಿನ ಗಿಡವನ್ನೂ ಮುಳ್ಳುಕಾಯನ್ನೂ ಮಕ್ಕಳಿಗೆ ತೋರಿಸಿ, ಬೀಜ ಬಾಯಿಗೆ ಹಾಕಬಾರದೆಂದು ಹೇಳಿಕೊಡಿ.