ತಡೆಹಿಡಿಯುವ ಪ್ರೋಟೀನು: ಅರಬಿಡಾಪ್ಸಿಸ್ ಸಸ್ಯದಲ್ಲಿ ಡೆಲ್ಲಾ ಪ್ರೋಟೀನುಗಳ ಕಾರ್ಯ ಮತ್ತು ನಿಯಂತ್ರಣ

ಅರಬಿಡಾಪ್ಸಿಸ್ ಥಾಲಿಯಾನಾ ಸಾಸಿವೆಯ ಕುಟುಂಬಕ್ಕೆ ಸೇರಿದ ಪುಟ್ಟ ಕಳೆಗಿಡ; ಅದನ್ನು ಎಣ್ಣೆಗಾಗಲಿ ಒಗ್ಗರಣೆಗಾಗಲಿ ಯಾರೂ ಬೆಳೆಯುವುದಿಲ್ಲ. ಬೀಜ ಮೊಳೆತು ಮರಳಿ ಬೀಜ ಕಟ್ಟಲು ಅದಕ್ಕೆ ಸುಮಾರು ಆರು ವಾರ ಸಾಕು, ಜೀನೋಮೂ ಚಿಕ್ಕದು. ಆದುದರಿಂದಲೇ ಅದು ಸಸ್ಯವಿಜ್ಞಾನಿಗಳ ಮಾದರಿ ಸಸ್ಯವಾಯಿತು. 2000ದ ಡಿಸೆಂಬರಿನಲ್ಲಿ ಅದರ ಐದು ವರ್ಣತಂತುಗಳ ಅನುಕ್ರಮ ಪ್ರಕಟವಾದಾಗ ಸುಮಾರು 25,500 ವಂಶವಾಹಿಗಳನ್ನು ಗುರುತಿಸಲಾಗಿತ್ತು. ಆದರೆ ಪಟ್ಟಿ ದೊರೆತ ಮಾತ್ರಕ್ಕೆ ಪ್ರೋಟೀನುಗಳ ಕಾರ್ಯ ತಿಳಿದಂತಾಗುವುದಿಲ್ಲ. ಒಂದು ಪ್ರೋಟೀನು ಜೀವಕೋಶದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಯಾವುದರೊಡನೆ ಕೂಡುತ್ತದೆ, ಯಾವಾಗ ನಾಶವಾಗುತ್ತದೆ ಎಂಬುದೇ ಅದರ ಪಾತ್ರವನ್ನು ನಿರ್ಧರಿಸುತ್ತದೆ. ಇದಕ್ಕೆ ಡೆಲ್ಲಾ ಪ್ರೋಟೀನುಗಳಷ್ಟು ಸ್ಪಷ್ಟವಾದ ನಿದರ್ಶನ ವಿರಳ.

ಈ ಪ್ರೋಟೀನುಗಳ ಕಥೆ ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನಿನೊಡನೆ ಹೆಣೆದುಕೊಂಡಿದೆ. ಭತ್ತದ ಸಸಿಗಳು ಅತಿಯಾಗಿ ನೀಳವಾಗಿ ಬೆಳೆದು ಸಾಯುವ ರೋಗಕ್ಕೆ ಶಿಲೀಂಧ್ರವೊಂದು ಸ್ರವಿಸುವ ರಾಸಾಯನಿಕ ಕಾರಣವೆಂದು ಜಪಾನಿನ ವಿಜ್ಞಾನಿ ಕುರೊಸಾವಾ 1926ರಲ್ಲಿ ತೋರಿಸಿದರು. ಅದೇ ಬಗೆಯ ವಸ್ತುವನ್ನು ಸಸ್ಯಗಳು ತಾವೇ ತಯಾರಿಸಿಕೊಳ್ಳುತ್ತವೆಂಬುದು ಅನಂತರ ತಿಳಿಯಿತು. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಗೊಂಚಲು ಹಿಗ್ಗಲು ಸಿಂಪಡಿಸುವ ಜಿಬ್ಬರೆಲಿಕ್ ಆಮ್ಲವೂ ಈ ಗುಂಪಿನದೇ.

ಹಾರ್ಮೋನು ಬೆಳವಣಿಗೆಯನ್ನು ನೇರವಾಗಿ ಪ್ರಚೋದಿಸುತ್ತದೆ ಎಂದು ಭಾವಿಸುವುದು ಸಹಜ. ಆದರೆ ವಾಸ್ತವ ಬೇರೆಯೇ ಆಗಿದೆ. 1985ರಲ್ಲಿ ನೆದರ್ಲೆಂಡ್ಸಿನ ಕೂರ್ನೀಫ್ ಮತ್ತು ಸಂಗಡಿಗರು ಜಿಎಐ ಎಂಬ ಕುಬ್ಜ ಅರಬಿಡಾಪ್ಸಿಸ್ ತಳಿಯನ್ನು ವರ್ಣಿಸಿದರು. ಹಾರ್ಮೋನಿನ ಕೊರತೆಯುಳ್ಳ ಗಿಡದಂತೆ ಅದು ಕಡುಹಸಿರಾಗಿ ಗಿಡ್ಡಗಿತ್ತು. ಹಾರ್ಮೋನು ಒದಗಿಸಿದರೂ ಎತ್ತರಕ್ಕೆ ಬೆಳೆಯಲಿಲ್ಲ. 1997ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಪೆಂಗ್, ಹಾರ್ಬರ್ಡ್ ಮತ್ತು ಸಹೋದ್ಯೋಗಿಗಳು ಆ ವಂಶವಾಹಿಯನ್ನು ಪ್ರತ್ಯೇಕಿಸಿದಾಗ ಕಾರಣ ಬಯಲಾಯಿತು. ಕುಬ್ಜ ತಳಿಯ ಪ್ರೋಟೀನಿನಲ್ಲಿ 17 ಅಮೈನೋ ಆಮ್ಲಗಳ ಒಂದು ತುಣುಕು ಮಾತ್ರ ಇರಲಿಲ್ಲ. ಆ ತುಣುಕಿನಲ್ಲಿದ್ದ ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಲ್ಯೂಸಿನ್, ಲ್ಯೂಸಿನ್, ಅಲನಿನ್ ಎಂಬ ಐದರ ಸಂಕೇತಾಕ್ಷರಗಳಿಂದಲೇ ಡೆಲ್ಲಾ ಎಂಬ ಹೆಸರು ಬಂದಿದೆ. ಅರಬಿಡಾಪ್ಸಿಸ್‌ನಲ್ಲಿ ಇಂಥ ಪ್ರೋಟೀನುಗಳು ಐದು. ಇವು ಬೆಳವಣಿಗೆಯನ್ನು ತಡೆಹಿಡಿಯುತ್ತವೆ; ಹಾರ್ಮೋನಿನ ಕೆಲಸ ಆ ತಡೆಯನ್ನು ತೆರವುಗೊಳಿಸುವುದು.

ತೆರವಿನ ಕ್ರಮ ಕುತೂಹಲಕರವಾದುದು. ಜಿಬ್ಬರೆಲಿನ್ನಿನ ಗ್ರಾಹಕವಾದ ಜಿಐಡಿ-1 ಪ್ರೋಟೀನನ್ನು 2005ರಲ್ಲಿ ಜಪಾನಿನ ಸಂಶೋಧಕರು ಭತ್ತದಲ್ಲಿ ಪತ್ತೆಮಾಡಿದರು. ಅರಬಿಡಾಪ್ಸಿಸ್‌ನಲ್ಲಿ ಅದರ ಮೂರು ರೂಪಗಳಿವೆ. ರಚನೆಯಲ್ಲಿ ಅದು ಕೊಬ್ಬನ್ನು ಒಡೆಯುವ ಕಿಣ್ವಗಳ ಬಂಧು. 2008ರಲ್ಲಿ ಪ್ರಕಟವಾದ ಸ್ಫಟಿಕ ರಚನೆಗಳ ಪ್ರಕಾರ, ಹಾರ್ಮೋನು ಗ್ರಾಹಕದ ಕುಳಿಯೊಳಗೆ ಕುಳಿತೊಡನೆ ಗ್ರಾಹಕದ ಒಂದು ಭಾಗ ಮುಚ್ಚಳದಂತೆ ಅದರ ಮೇಲೆ ಮಡಚಿಕೊಳ್ಳುತ್ತದೆ. ಆ ಮುಚ್ಚಳದ ಹೊರಮೈ ಡೆಲ್ಲಾ ತುಣುಕನ್ನು ಹಿಡಿದುಕೊಳ್ಳುತ್ತದೆ. ಹೀಗೆ ಸಿಕ್ಕಿಬಿದ್ದ ಡೆಲ್ಲಾ ಪ್ರೋಟೀನನ್ನು ಸ್ಲೀಪಿ-1 ಎಂಬ ಇನ್ನೊಂದು ಪ್ರೋಟೀನು ಗುರುತಿಸುತ್ತದೆ. ಅದನ್ನು ಕಳೆದುಕೊಂಡ ಗಿಡದ ಬೀಜಗಳು ಸುಪ್ತಾವಸ್ಥೆಯಿಂದ ಸುಲಭವಾಗಿ ಏಳವು, ಹೆಸರು ಅನ್ವರ್ಥವಾಗಿಯೇ ಇದೆ. ಅನಂತರ ಡೆಲ್ಲಾ ಪ್ರೋಟೀನಿಗೆ ಯುಬಿಕ್ವಿಟಿನ್ ಅಣುಗಳ ಸರಪಳಿ ಅಂಟಿಕೊಳ್ಳುತ್ತದೆ; ಆ ಗುರುತು ಹೊತ್ತುದನ್ನು ಪ್ರೋಟಿಯಾಸೋಮ್ ಎಂಬ ಕೋಶಯಂತ್ರ ತುಂಡರಿಸುತ್ತದೆ. ಜಿಎಐ ತಳಿಯಲ್ಲಿ ಹಿಡಿಯಬೇಕಾದ ತುಣುಕೇ ಇಲ್ಲವಾದುದರಿಂದ ಪ್ರೋಟೀನು ನಾಶವಾಗದೆ ಉಳಿಯುತ್ತದೆ. ತಡೆಯುವ ಶಕ್ತಿಗೆ ಕುಂದಿಲ್ಲ, ತೆಗೆಯುವ ದಾರಿ ಮಾತ್ರ ಮುಚ್ಚಿದೆ.

ಡೆಲ್ಲಾ ಪ್ರೋಟೀನುಗಳು ತಾವಾಗಿ ಡಿಎನ್‌ಎಗೆ ಅಂಟಿಕೊಳ್ಳುವುದಿಲ್ಲ. ಕಾಂಡವನ್ನು ನೀಳಗೊಳಿಸುವ ವಂಶವಾಹಿಗಳನ್ನು ಚಾಲನೆಗೊಳಿಸುವ ಪಿಐಎಫ್ ಪ್ರೋಟೀನುಗಳನ್ನು ಅವು ಹಿಡಿದು, ಡಿಎನ್‌ಎಯನ್ನು ಮುಟ್ಟದಂತೆ ಮಾಡುತ್ತವೆಂದು 2008ರ ಎರಡು ಅಧ್ಯಯನಗಳು ತೋರಿಸಿದವು. ಪಿಐಎಫ್‌ಗಳ ಮೇಲೆ ಬೆಳಕಿನ ಹತೋಟಿಯೂ ಇರುವುದರಿಂದ, ಬೆಳಕು ಮತ್ತು ಹಾರ್ಮೋನು ಎಂಬ ಎರಡು ಸಂಕೇತಗಳು ಇಲ್ಲಿ ಸಂಧಿಸುತ್ತವೆ.

ನಾಶವೊಂದೇ ನಿಯಂತ್ರಣದ ಮಾರ್ಗವೆಂದು ತಿಳಿಯಬೇಕಾಗಿಲ್ಲ. ಸ್ಪಿಂಡ್ಲಿ ಎಂಬ ಕಿಣ್ವ ಡೆಲ್ಲಾ ಪ್ರೋಟೀನುಗಳಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಸೇರಿಸಿ ಅವುಗಳ ಹಿಡಿತವನ್ನು ಬಿಗಿಗೊಳಿಸುತ್ತದೆ. ಅನುಕ್ರಮದ ಹೋಲಿಕೆಯಿಂದ ಈ ಕಿಣ್ವ ಬೇರೊಂದು ಸಕ್ಕರೆಯನ್ನು ಸೇರಿಸುತ್ತದೆಂದು ಬಹುಕಾಲ ನಂಬಲಾಗಿತ್ತು. 2017ರಲ್ಲಷ್ಟೇ ನಿಜಸ್ಥಿತಿ ತಿಳಿಯಿತು. ಹೋಲಿಕೆಯ ಆಧಾರದಿಂದ ಕಾರ್ಯವನ್ನು ಊಹಿಸುವವರಿಗೆ ಇದು ಗಮನಾರ್ಹ ಸಂಗತಿ.

ತಡೆ ಎಂಬುದು ಸಸ್ಯಕ್ಕೆ ನಷ್ಟವೇ? ಉಪ್ಪಿನಂಶ ಹೆಚ್ಚಾದಾಗ ಅರಬಿಡಾಪ್ಸಿಸ್‌ನಲ್ಲಿ ಡೆಲ್ಲಾ ಪ್ರೋಟೀನುಗಳು ಶೇಖರವಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಐದರಲ್ಲಿ ನಾಲ್ಕನ್ನು ಕಳೆದುಕೊಂಡ ಗಿಡಗಳು ಉಪ್ಪಿನಲ್ಲಿಯೂ ಬೆಳೆಯುತ್ತಲೇ ಹೋದವು, ಆದರೆ ಹೆಚ್ಚಿನ ಸಂಖ್ಯೆಯಲ್ಲಿ ಸತ್ತವು ಎಂಬುದು 2006ರ ಪ್ರಯೋಗದ ಫಲಿತಾಂಶ.

ಈ ಅರಿವಿಗೆ ಹೊಲದ ನಂಟು ಬಂದುದು 1999ರಲ್ಲಿ. ಹಸಿರುಕ್ರಾಂತಿಯ ಗಿಡ್ಡ ಗೋಧಿಯ ಆರ್‌ಎಚ್‌ಟಿ ವಂಶವಾಹಿಗಳು ಜಿಎಐಯ ಪ್ರತಿರೂಪಗಳೆಂದು ಪೆಂಗ್, ಹಾರ್ಬರ್ಡ್ ಮತ್ತು ಸಂಗಡಿಗರು ಆಗ ತೋರಿಸಿದರು. ಜಪಾನಿನ ನೋರಿನ್-10 ತಳಿಯಿಂದ ಬೋರ್ಲಾಗ್ ಅವರ ಮೆಕ್ಸಿಕೋ ಗೋಧಿಗೆ ಬಂದು, 1966ರಲ್ಲಿ 18,000 ಟನ್ ಬಿತ್ತನೆ ಬೀಜದ ರೂಪದಲ್ಲಿ ಭಾರತಕ್ಕೆ ತಲುಪಿದ್ದೂ ಇದೇ ಗುಣ. ಹಾರ್ಮೋನಿಗೆ ಜಗ್ಗದ ಡೆಲ್ಲಾ ಪ್ರೋಟೀನಿನಿಂದಾಗಿ ಪೈರು ಗಿಡ್ಡವಾಯಿತು, ತೆನೆಯ ಭಾರಕ್ಕೆ ನೆಲಕ್ಕೊರಗದಾಯಿತು. (ಐಆರ್-8 ಭತ್ತದ ಗಿಡ್ಡತನದ ಮೂಲ ಬೇರೆ: ಅಲ್ಲಿ ಹಾರ್ಮೋನಿನ ತಯಾರಿಕೆಯೇ ಕುಂಠಿತ.) ಆದರೆ ಗಿಡ್ಡ ತಳಿಗಳು ಸಾರಜನಕವನ್ನು ಸಮರ್ಪಕವಾಗಿ ಬಳಸಿಕೊಳ್ಳವು, ಹೆಚ್ಚು ಗೊಬ್ಬರ ಬೇಡುತ್ತವೆ. ಇದಕ್ಕೂ ಡೆಲ್ಲಾ ಪ್ರೋಟೀನೇ ಕಾರಣವೆಂಬುದು 2018ರಲ್ಲಿ ತಿಳಿಯಿತು. ಸಾರಜನಕದ ಹೀರಿಕೆಯನ್ನು ಹೆಚ್ಚಿಸುವ ಜಿಆರ್‌ಎಫ್-4 ಎಂಬ ಪ್ರೋಟೀನನ್ನೂ ಅದು ಅಡ್ಡಗಟ್ಟುತ್ತದೆ. ಜಿಆರ್‌ಎಫ್-4ರ ಪ್ರಮಾಣವನ್ನು ಹೆಚ್ಚಿಸಿದಾಗ ಗಿಡ್ಡತನಕ್ಕೆ ಭಂಗವಿಲ್ಲದೆ ಸಾರಜನಕದ ಬಳಕೆ ಸುಧಾರಿಸಿತು. 2023ರಲ್ಲಿ ಚೀನಾದ ಸಂಶೋಧಕರು ವರ್ಣಿಸಿದ ಗೋಧಿ ಇನ್ನೂ ಮುಂದೆ ಹೋಗಿದೆ: ಅದರಲ್ಲಿ ಆರ್‌ಎಚ್‌ಟಿ-ಬಿ1 ವಂಶವಾಹಿಯೂ ಅದರ ನೆರೆಯ ಇನ್ನೊಂದು ವಂಶವಾಹಿಯೂ ಒಟ್ಟಿಗೆ ಲುಪ್ತವಾಗಿವೆ, ಪೈರು ಗಿಡ್ಡಗೇ ಉಳಿದು, ಸಾರಜನಕದ ಬಳಕೆ ಮತ್ತು ಇಳುವರಿ ಎರಡೂ ಹೆಚ್ಚಿವೆ.